ನೀರು ಕೇಳುವ ಕೈ

ಹೊಳೆಯ ದಂಡೆಯ ಮೇಲೆ ಒಂದು ಹಳೆಯ ಮಠ. ಮಠದ ಹಿಂದೆ ಹೂದೋಟ. ತೋಟದ ಮೂಲೆಯಲ್ಲಿ ಒಂದು ತಗಡಿನ ಕೋಣೆ. ಆ ಕೋಣೆಯಲ್ಲಿ ದ್ಯಾಮಣ್ಣ ಮಾಸ್ತರು ಇದ್ದರು.

ಅವರು ಶಾಲೆಯ ಮಾಸ್ತರಲ್ಲ. ಮೂವತ್ನಾಲ್ಕು ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದವರು. ಅದರಲ್ಲಿ ಕೊನೆಯ ಹನ್ನೆರಡು ವರ್ಷ ಹೊಸಬರಿಗೆ ಡ್ರಿಲ್ ಕಲಿಸಿದವರು. ಏಣಿ ಹತ್ತುವುದು, ಹೊಗೆಯಲ್ಲಿ ತೆವಳುವುದು, ಪೈಪು ಬಿಚ್ಚುವುದು, ಒಣಗಿಸಿ ಮತ್ತೆ ಸುತ್ತುವುದು.

ನಿವೃತ್ತಿಯಾದ ಮೇಲೆ ಮಠದ ಸ್ವಾಮಿಗಳ ಹತ್ತಿರ ಹೋಗಿ ಒಂದೇ ಮಾತು ಕೇಳಿದ್ದರು. "ಇಷ್ಟು ವರ್ಷ ಸುಡೋದಕ್ಕ ನೀರು ಹೊಡದೆ ಬುದ್ದಿ. ಇನ್ನು ಚಿಗುರೋದಕ್ಕ ಹೊಡೀತೀನಿ. ಜಾಗ ಕೊಡ್ರಿ."

ಒಂದು ಬೆಳಿಗ್ಗೆ ತೋಟದ ಬೇಲಿಯ ಆಚೆ ಕೆಂಪು ಜೀಪು ನಿಂತಿತು.

ಇಳಿದವಳು ಕಸ್ತೂರಿ. ಹತ್ತು ಮೈಲಿ ದೂರದ ಊರಿನ ಅಗ್ನಿಶಾಮಕ ಠಾಣೆಯ ಅಧಿಕಾರಿ. ಮಾಸ್ತರರ ಕೈಯಲ್ಲಿ ಕಲಿತವಳು. ಖಾಕಿಯ ಇಸ್ತ್ರಿ ಒಂದು ಕಡೆಯೂ ಮುರಿದಿರಲಿಲ್ಲ. ಬೂಟು ಕನ್ನಡಿಯಂತೆ ಹೊಳೆಯುತ್ತಿತ್ತು.

ಮಾಸ್ತರು ಸೇವಂತಿಗೆಯ ಬುಡ ಕೆದಕುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ಬೂಟಿನ ಸಪ್ಪಳದಾಗ ಗೊತ್ತಾತು. ಕಸ್ತೂರಿ ಬಂದಾಳ. ಏನೋ ಕೆಟ್ಟೈತಿ."

"ಏನೂ ಕೆಟ್ಟಿಲ್ರಿ ಮಾಸ್ತರ. ಎಲ್ಲಾ ಸರಿ ಐತಿ."

"ಸರಿ ಇದ್ದಾಗ ನೀ ಬರೂದಿಲ್ಲ ತಂಗಿ. ಮೂರು ವರ್ಷ ಆತು, ಎಲ್ಲಾ ಸರಿ ಇತ್ತು. ನೀ ಬರಲಿಲ್ಲ."

ಕಸ್ತೂರಿ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಆಡಿದಳು.

"ನೀವು ಒಮ್ಮೆ ಠಾಣೆಗೆ ಬರಬೇಕ್ರಿ. ನಮ್ಮ ಮಂದಿಗೆ ಶಿಸ್ತಿನ ಬಗ್ಗೆ ನಾಕು ಮಾತು ಹೇಳಬೇಕು."

"ಯಾಕ? ಹಾಜರಿಗೆ ತಡಾ ಮಾಡ್ತಾರೇನು?"

"ಇಲ್ರಿ. ಐದು ನಿಮಿಷ ಮೊದಲ ಬಂದು ನಿಂತಿರ್ತಾರ."

"ಕುಡದು ಬರ್ತಾರ?"

"ಛೇ, ಇಲ್ರಿ."

"ಎದುರು ಮಾತಾಡ್ತಾರ?"

"ಮಾತ ಆಡೂದಿಲ್ರಿ. ಕೇಳಿದ್ದಕ್ಕ ಹೂಂ, ಇಲ್ಲಂದ್ರ ಉಹೂಂ. ಚಾ ಕುಡಿಯೂ ಮುಂದ ನಾ ಹೋದ್ರ ಎದ್ದು ನಿಂತು ಸಲ್ಯೂಟ್ ಹೊಡೀತಾರ. ನಾ ಹೊಳ್ಳಿ ಬರೂ ತನಕ ಯಾರೂ ಕೂಡೂದಿಲ್ಲ."

ಮಾಸ್ತರು ನಕ್ಕರು. "ಮತ್ತ ಇನ್ನೆಂಥಾ ಶಿಸ್ತು ಬೇಕವ್ವಾ ನಿನಗ? ಗುಡಿ ಮುಂದಿನ ಕಲ್ಲಿನ ಬಸವಣ್ಣನೂ ಇಷ್ಟು ಶಿಸ್ತಿನಾಗ ಇರೂದಿಲ್ಲ."

ಕಸ್ತೂರಿ ನಗಲಿಲ್ಲ.

"ಡ್ರೈವರ್ ರಾಜೇಸಾಬ ನನ್ನ ಮಾತು ಮೀರ್ಯಾನ್ರಿ," ಅಂದಳು. "ಮೊನ್ನೆ ಮಂಗಳವಾರ ಒಂದು ಬಣವಿಗೆ ಬೆಂಕಿ ಬಿದ್ದಿತ್ತು. ನೀರು ಬಿಡು ಅಂತ ನಾ ಕೂಗಿದೆ. ಅವ ಬಿಡಲಿಲ್ಲ. ಬ್ರಾಂಚ್ ಹಿಡದವನ ಕೈ ನೋಡಿಕೋತ ನಿಂತ. ಆ ಹುಡುಗ ಕೈ ಎತ್ತಿದ ಮ್ಯಾಲ ಬಿಟ್ಟ. ಎಲ್ಲಾ ಮಂದಿ ಮುಂದ."

ಬ್ರಾಂಚ್ ಅಂದರೆ ಪೈಪಿನ ತುದಿಗೆ ತಿರುವಿ ಕೂಡಿಸುವ ಲೋಹದ ಮೂತಿ. ಅದನ್ನು ಹಿಡಿದವನು ಬೆಂಕಿಯ ಮುಂದೆ. ನೀರು ಬಿಡುವ ಡ್ರೈವರು ನೂರು ಹೆಜ್ಜೆ ಹಿಂದೆ, ಗಾಡಿಯ ಪಂಪಿನ ಹತ್ತಿರ. ನೀರು ಬರುವ ರಭಸಕ್ಕೆ ಗಟ್ಟಿ ಗಂಡಸನ್ನೂ ಎತ್ತಿ ಒಗೆಯುವ ಕಸುವು ಇರುತ್ತದೆ.

ಆದ್ದರಿಂದ ಡ್ರಿಲ್ ಮೈದಾನದಲ್ಲಿ ದ್ಯಾಮಣ್ಣ ಮಾಸ್ತರರ ಮೊದಲ ಪಾಠವೇ ಇದು. ಬ್ರಾಂಚ್ ಹಿಡಿದವನು ಕಾಲೂರಿ, ಎರಡು ಕೈಯಲ್ಲಿ ಬಿಗಿಹಿಡಿದು ನೋಡಿ, ಮೈ ಕೊಟ್ಟು ನಿಂತು, ಆಮೇಲೆ ಒಮ್ಮೆ ಬಲಗೈ ಎತ್ತಬೇಕು. ಆ ಕೈಯೇ ನೀರು ಕೇಳುವ ಕೈ. ಅದು ಏಳುವ ತನಕ ಯಾರು ಕೂಗಿದರೂ ಡ್ರೈವರು ಕಿವುಡ. ಅವನಿಗೆ ಆ ಹೊತ್ತಿಗೆ ಕಣ್ಣು ಮಾತ್ರ.

ಮಾಸ್ತರು ಕುರ್ಪಿಯನ್ನು ಮಣ್ಣಿಗೆ ಚುಚ್ಚಿ ಎದ್ದರು.

"ರಾಜೇಸಾಬ ಕೈ ನೋಡಿ ನೀರು ಬಿಟ್ಟ. ಅದಕ್ಕ ಅವಗ ಶಿಸ್ತು ಕಲಿಸಬೇಕು. ಹಂಗೇನು?"

"ಅಧಿಕಾರಿ ಅಂದ ಮ್ಯಾಲ..."

"ಇರಲಿ. ಗಿಡಕ್ಕ ನೀರಿನ ಹೊತ್ತಾತು. ಬಾ, ಒಂದು ಕೈ ಹಚ್ಚು."

ತೋಟದ ಎತ್ತರದಲ್ಲಿ ನೀರಿನ ಟ್ಯಾಂಕು. ಅದರ ಬುಡದಲ್ಲಿ ಒಂದು ವಾಲ್ವ್. ಮಾಸ್ತರು ಕಸ್ತೂರಿಯನ್ನು ವಾಲ್ವಿನ ಹತ್ತಿರ ನಿಲ್ಲಿಸಿದರು. ತಾವು ಪೈಪಿನ ತುದಿ ಹಿಡಿದು ತೋಟದ ಆ ಕಡೆಯ ಅಂಚಿಗೆ ನಡೆದರು.

ಅಲ್ಲಿ ನಿಂತು ಧೋತರ ಕಟ್ಟಿಕೊಂಡರು. ಅದು ಸಡಿಲಾಯಿತು. ಮತ್ತೆ ಕಟ್ಟಿಕೊಂಡರು. ಪೈಪನ್ನು ಬಗಲಲ್ಲಿ ಸಿಕ್ಕಿಸಿ ಬೆನ್ನು ಕೆರೆದುಕೊಂಡರು. ಬೇಲಿಯಾಚೆ ಹೋಗುತ್ತಿದ್ದ ಯಾರೊಂದಿಗೋ ಮಳೆಯ ಮಾತಾಡಿದರು. ಅವರು ಹೋದ ಮೇಲೆ ಹೊಳೆಯ ಕಡೆ ಮುಖ ಮಾಡಿ ಸುಮ್ಮನೆ ನಿಂತರು.

ಕಸ್ತೂರಿ ವಾಲ್ವಿನ ಮೇಲೆ ಕೈ ಇಟ್ಟುಕೊಂಡು ಅವರ ಬೆನ್ನನ್ನೇ ನೋಡುತ್ತಿದ್ದಳು.

ಬಿಸಿಲು ಏರಿತು. ಕೆಲಸವಿಲ್ಲದೆ ನಿಂತವರ ಹತ್ತಿರ ಬೇಡದ ನೆನಪು ಕರೆಯದೆ ಬರುತ್ತದೆ. ಅವಳ ಹತ್ತಿರವೂ ಬಂತು.

ಎರಡು ವಾರದ ಹಿಂದೆ. ಹತ್ತಿ ಗೋದಾಮು. ಹೊಗೆ ಊರಿಗೆಲ್ಲ ಕಂಡಿತ್ತು. ಅವಳ ಗಾಡಿ ಹೋಗಿ ನಿಲ್ಲುವಷ್ಟರಲ್ಲಿ ಜಾತ್ರೆಯಷ್ಟು ಜನ.

ಫಕ್ಕೀರೇಶ ಬ್ರಾಂಚ್ ಹಿಡಿದು ಮುಂದೆ ಓಡಿದ. ಠಾಣೆಯಲ್ಲಿ ಅವನಷ್ಟು ಚೆನ್ನಾಗಿ ಬ್ರಾಂಚ್ ಹಿಡಿಯುವವನು ಇನ್ನೊಬ್ಬನಿರಲಿಲ್ಲ. ಬಾಗಿಲ ಹತ್ತಿರ ಒಂದು ಮೊಣಕಾಲೂರಿ ಕೂತು ಬ್ರಾಂಚನ್ನು ಪೈಪಿಗೆ ತಿರುವುತ್ತಿದ್ದ.

ಗುಂಪಿನಿಂದ ಒಬ್ಬ ಕೂಗಿದ. "ಏ ಅಕ್ಕಾ, ಗಾಡಿ ತೋರಿಸಾಕ ಬಂದೀಯೇನು? ನೀರು ಬಿಡಸ ಬೇ!"

ಇನ್ನೊಬ್ಬ ಅಂದ. "ಮೇಡಂಗ ನೀರು ಎಲ್ಲಿ ಐತಿ ಗೊತ್ತಿಲ್ಲ ಕಾಣತೈತಿ!"

ನೂರು ಬಾಯಿ ನಕ್ಕವು.

ಕಸ್ತೂರಿ ಅವ್ವನ ಜೊತೆ ಬೀಡಿ ಸುತ್ತುತ್ತ ಓದಿದವಳು. ಮೂರು ಸಲ ಪರೀಕ್ಷೆಯಲ್ಲಿ ನಪಾಸಾಗಿ ನಾಲ್ಕನೆಯ ಸಲ ಆಯ್ಕೆಯಾದವಳು. ಡ್ರಿಲ್ ಮೈದಾನದಲ್ಲಿ 'ಈಕಿ ಏಣಿ ಹತ್ತಿದ್ರ ನಾ ಮೀಸಿ ಬೋಳಸ್ತೀನಿ' ಅಂದವನ ಮುಂದೆ ಎಲ್ಲರಿಗಿಂತ ಮೊದಲು ತುದಿ ಮುಟ್ಟಿದವಳು. ಯಾರ ನಗುವಿಗೂ ಅವಳು ಅಂಜಿದವಳಲ್ಲ. ಆವತ್ತು ಅಂಜಿದಳು.

"ನೀರು ಬಿಡು!" ಎಂದು ಕೂಗಿದಳು.

ರಾಜೇಸಾಬ ಬಿಡಲಿಲ್ಲ. ಅವನ ಕಣ್ಣು ಫಕ್ಕೀರೇಶನ ಮೇಲಿತ್ತು.

"ರಾಜೇಸಾಬ್! ಹೇಳಾಕತ್ತೀನಿ, ಕೇಳಸೂದಿಲ್ಲೇನು? ನೀರು ಬಿಡು!"

ಅವನು ಬಿಟ್ಟ.

ಬಾಲ ತುಳಿದ ಹಾವಿನಂತೆ ಪೈಪು ನೆಲದಿಂದ ಎದ್ದಿತು. ಬ್ರಾಂಚ್ ಫಕ್ಕೀರೇಶನ ಒಂದೇ ಕೈಯಿಂದ ಕಿತ್ತುಕೊಂಡು ಹಾರಿ ಅವನ ದವಡೆಗೆ ಬಡಿಯಿತು. ಅವನು ಹತ್ತಿಯ ರಾಶಿಯ ಮೇಲೆ ಬಿದ್ದ. ಬಿಳಿ ಹತ್ತಿ ಕೆಂಪಾಗುತ್ತ ಹೋಯಿತು.

ದವಡೆ ಎರಡು ಕಡೆ ಮುರಿದಿತ್ತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದರು. ಆರು ವಾರ ಬಾಯಿ ತೆರೆಯುವಂತಿರಲಿಲ್ಲ.

ಅಂದು ಸಂಜೆ ಕಸ್ತೂರಿ ಠಾಣೆಯ ದಿನಚರಿ ಪುಸ್ತಕ ತೆಗೆದು ಬರೆದಳು. 'ಸಿಬ್ಬಂದಿ ಫಕ್ಕೀರೇಶ ಇವರು ಬ್ರಾಂಚನ್ನು ಸರಿಯಾಗಿ ಹಿಡಿಯುವ ಮೊದಲೇ ನೀರು ಕೇಳಿ, ತಮ್ಮ ಅಜಾಗರೂಕತೆಯಿಂದ ಗಾಯಗೊಂಡಿರುತ್ತಾರೆ.'

ಅವಳ ಠಾಣೆಯಲ್ಲಿ ಒಂದು ಪದ್ಧತಿಯಿತ್ತು. ಹಿಂದಿನ ದಿನ ಬರೆದದ್ದನ್ನು ಮರುದಿನ ಬೆಳಿಗ್ಗೆ ಹಾಜರಿಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಅವಳು ಓದಿದಳು. ಎದುರಿಗೆ ಹನ್ನೊಂದು ಜನ ಸಾಲಾಗಿ ನಿಂತಿದ್ದರು. ಎಲ್ಲರೂ ಗೋದಾಮಿನಲ್ಲಿದ್ದವರು. ಎಲ್ಲರೂ ಕಣ್ಣಾರೆ ಕಂಡವರು. ಯಾರೂ ಮಿಸುಕಲಿಲ್ಲ.

ಆಮೇಲೆ ಅದೇ ಮಾತನ್ನು ಟೈಪು ಮಾಡಿಸಿ ಆಸ್ಪತ್ರೆಗೆ ಒಯ್ದಳು. ಫಕ್ಕೀರೇಶ ಅದನ್ನು ಓದಿದ. ಅವಳ ಮುಖವನ್ನು ಒಮ್ಮೆ ನೋಡಿದ. ಪೆನ್ನಿಗೆ ಕೈ ಚಾಚಿದ. ಸಹಿ ಹಾಕಿದ.

ಅವನು ಆ ಕಾಗದವನ್ನು ಹರಿದು ಮುಖಕ್ಕೆ ಒಗೆದಿದ್ದರೂ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಬರುವ ಸೋಮವಾರ ವಿಚಾರಣೆ. ಆ ಸಹಿ ನಿಂತರೆ ಫಕ್ಕೀರೇಶ ಇನ್ನು ಜನ್ಮದಲ್ಲಿ ಬ್ರಾಂಚ್ ಮುಟ್ಟುವಂತಿಲ್ಲ. ಬೆಂಕಿಯ ಮುಂದೆ ನಂಬಲಾಗದವನೆಂದು ಬರೆದು, ಠಾಣೆಯ ಫೋನಿನ ಮುಂದೆ ಕೂಡಿಸುತ್ತಾರೆ. ಮೂವತ್ತು ವರ್ಷದವನು. ಇನ್ನೂ ಮೂವತ್ತು ವರ್ಷ ಅಲ್ಲೇ ಕೂಡಬೇಕು.

ತೋಟದ ಆ ಕಡೆ ಮಾಸ್ತರು ತಿರುಗಿದರು. ಪೈಪನ್ನು ಎರಡು ಕೈಯಲ್ಲಿ ಹಿಡಿದರು. ಬಲಗೈ ಎತ್ತಿದರು.

ಕಸ್ತೂರಿ ವಾಲ್ವ್ ತಿರುವಿದಳು. ಗಿಡಗಳಿಗೆ ನೀರು ಬಿತ್ತು.

ನೀರು ಹಾಯಿಸಿ ಮುಗಿದ ಮೇಲೆ ಮಾಸ್ತರು ಹತ್ತಿರ ಬಂದರು.

"ಎಷ್ಟೊತ್ತು ನಿಂತಿ?"

"ಕಾಲು ತಾಸು ಆಗಿರಬೇಕ್ರಿ."

"ಬಿಸಲಾಗ ಯಾಕ ನಿಂತಿ? ಬಿಟ್ಟುಬಿಡಬೇಕಿಲ್ಲೇನು?"

"ನೀವು ಕೈ ಎತ್ತಿರಲಿಲ್ಲಲ್ರಿ."

"ಎತ್ತೂಕಿಂತ ಮೊದಲ ಬಿಟ್ಟಿದ್ರ ಏನಾಕ್ಕಿತ್ತು?"

"ಏನಿಲ್ಲ. ನಿಮ್ಮ ಧೋತರ ತೋಯ್ತಿತ್ತು."

"ಅಷ್ಟ?"

"ಅಷ್ಟ."

"ನನ್ನ ಧೋತರಕ್ಕ ಕಾಲು ತಾಸು ಕಾದಿ," ಅಂದರು ಮಾಸ್ತರು.

ಪೈಪು ಸುತ್ತತೊಡಗಿದರು.

ಕಸ್ತೂರಿಗೆ ಕಿವಿಯ ತನಕ ಬಿಸಿಯೇರಿತು. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮಗ ಯಾರು ಹೇಳಿದ್ರು?"

"ನೀನ ಹೇಳಿದಿ. ರಾಜೇಸಾಬ ನಿನ್ನ ದನಿ ಕೇಳೂದಿಲ್ಲ, ಕೈ ನೋಡ್ತಾನ ಅಂದಿ. ಒಮ್ಮೆ ದನಿ ಕೇಳಿ ಸುಟಗೊಂಡವ ಹಂಗ ಮಾಡ್ತಾನ."

ಅವಳು ಬಾಯಿ ತೆರೆದಳು. "ಒಂದು ತಪ್ಪು ಆಗೈತ್ರಿ ಮಾಸ್ತರ."

"ಯಾರಿಂದ?"

"ಭಾಳ ಗದ್ದಲ ಇತ್ರಿ. ಮಂದಿ ಒದರಾಕತ್ತಿದ್ರು. ಆ ಗದ್ದಲದಾಗ..."

"ಹಂಗಾರ ಗದ್ದಲಾನ ಸಸ್ಪೆಂಡ್ ಮಾಡ್ರಿ."

ಕಸ್ತೂರಿ ನೆಲ ನೋಡಿದಳು. ಹೊಳೆಯುವ ಬೂಟಿನ ಮೇಲೆ ಕೆಸರು ಸಿಡಿದಿತ್ತು. ಅದನ್ನೇ ನೋಡುತ್ತ ಮೊದಲಿನಿಂದ ಕೊನೆಯ ತನಕ ಎಲ್ಲವನ್ನೂ ಹೇಳಿದಳು. ಜನ ನಕ್ಕದ್ದು. ತಾನು ಕೂಗಿದ್ದು. ಎರಡನೆಯ ಸಲ ಕೂಗಿದ್ದು. ಪುಸ್ತಕ. ಹಾಜರಿ. ಸಹಿ.

"ಅವ ಕೈ ಎತ್ತಿರಲಿಲ್ಲ ಅನ್ನೂದು ನಿನಗ ಕಂಡಿತ್ತೋ ಇಲ್ಲೋ?" ಮಾಸ್ತರು ಕೇಳಿದರು.

ಇದೊಂದನ್ನು ಮಾತ್ರ ಅವಳು ಹೇಳಿರಲಿಲ್ಲ.

"ಕಂಡಿತ್ರಿ."

ಮಾಸ್ತರು ಪೈಪು ಸುತ್ತುವುದನ್ನು ನಿಲ್ಲಿಸಲಿಲ್ಲ.

"ನಾ ರಾಜೀನಾಮೆ ಕೊಟ್ಟುಬಿಡ್ತೀನ್ರಿ," ಅಂದಳು ಕಸ್ತೂರಿ.

"ಕೊಡು. ಮನೆ ಹೊತ್ತಿಕೊಂಡಾಗ ಮೊದಲ ಹೊರಗ ಓಡಿದವರು ಅಂತ ನಿನ್ನ ಹೆಸರೂ ಬರಕೋತೀವಿ."

"ಮತ್ತ ಏನು ಮಾಡಲಿ?"

ಮಾಸ್ತರು ಸುತ್ತಿದ ಪೈಪನ್ನು ಹೆಗಲಿಗೇರಿಸಿ ಕೋಣೆಯ ಕಡೆ ನಡೆದರು. ಹೊಸಲು ದಾಟುವ ಮುಂದೆ ಕೂಗಿ ಹೇಳಿದರು. "ಠಾಣೆಗೆ ಬಂದು ಶಿಸ್ತಿನ ಮ್ಯಾಲ ಮಾತಾಡು ಅಂದ್ಯಲ್ಲ, ನಾ ಬರೂದಿಲ್ಲ. ನಿಮ್ಮಲ್ಲಿ ಶಿಸ್ತು ಬೇಕಾದಷ್ಟು ಐತಿ. ರಾಜೇಸಾಬನ ಹತ್ರ ಹೋಗಿ ಕಲಿ."

ಮೂರು ದಿನ ಬಿಟ್ಟು ಕಸ್ತೂರಿ ಮತ್ತೆ ಬಂದಳು. ಈ ಸಲ ಮೋಟಾರು ಸೈಕಲ್ಲಿನ ಮೇಲೆ. ಮುಖ ಸ್ವಲ್ಪ ತಿಳಿಯಾಗಿತ್ತು.

"ಮಾಡಿದ್ನಿರಿ ಮಾಸ್ತರ. ಮ್ಯಾಲಿನ ಸಾಹೇಬರಿಗೆ ಎಲ್ಲಾ ಬರದೀನಿ. ಲಕೋಟಿ ಮ್ಯಾಲ 'ಗೌಪ್ಯ' ಅಂತ ಬರದು, ಅರಗು ಹಚ್ಚಿ, ನಾನ ಹೋಗಿ ಅವರ ಕೈಯಾಗ ಕೊಟ್ಟು ಬಂದೀನಿ. ಫಕ್ಕೀರೇಶನ ಮ್ಯಾಲಿನ ಆರೋಪ ತಗೀತೀವಿ ಅಂದಾರ. ನನ್ನ ಮ್ಯಾಲ ಕ್ರಮ ಆಕ್ಕೈತಂತ. ಆಗಲಿ."

ಮಾಸ್ತರು ಕಟ್ಟೆಯ ಮೇಲೆ ಕೂತು ಒಣಗಿದ ಹೂವಿನಿಂದ ಬೀಜ ಬಿಡಿಸುತ್ತಿದ್ದರು. ಆಕೆಗೂ ಒಂದು ಮೊರ ಕೊಟ್ಟರು. ಅವಳು ಕೂತು ಬಿಡಿಸತೊಡಗಿದಳು.

"ಮೊದಲ ಬರದದ್ದನ್ನ ಹೆಂಗ ಓದಿದ್ದಿ, ಹಾಜರಿಯಾಗ?"

"ಹೆಂಗಂದ್ರ?"

"ಗಟ್ಟಿಯಾಗೋ, ಸಣ್ಣ ದನಿಯಾಗೋ?"

"ಗಟ್ಟಿಯಾಗ್ರಿ. ಹಾಜರಿ ಅಂದ ಮ್ಯಾಲ ಗಟ್ಟಿಯಾಗ ಓದಬೇಕಲ್ರಿ."

"ಸುಳ್ಳನ್ನ ಮೈದಾನದಾಗ ಒದರಿದಿ. ಖರೇದಕ್ಕ ಅರಗು ಹಚ್ಚಿದಿ."

ಕಸ್ತೂರಿಯ ಕೈ ನಿಂತಿತು.

"ಅವರ ಮುಂದ ಓದಿದ್ರ ಮತ್ತ ನನ್ನ ಮಾತು ಯಾರು ಕೇಳ್ತಾರ್ರಿ?"

"ಈಗ ಯಾರು ಕೇಳಾಕತ್ತಾರ?"

"ಏನಂತಾರ ಗೊತ್ತೇನ್ರಿ ನಿಮಗ? ಗಂಡಸು ತಪ್ಪು ಮಾಡಿದ್ರ ಆ ಮನುಷ್ಯ ತಪ್ಪು ಮಾಡಿದ ಅಂತಾರ. ನಾ ಮಾಡಿದ್ರ ಹೆಂಗಸರ ಹಣೆಬರಹನ ಇಷ್ಟು ಅಂತಾರ. ನನ್ನ ಹಿಂದ ಬರೂ ಹುಡುಗ್ಯಾರಿಗೂ ಬಾಗಲಾ ಹಾಕ್ತಾರ. ಅದನ್ನೂ ನಾ ಹೊರಬೇಕೇನ್ರಿ?"

ಅವಳ ದನಿ ಏರಿತ್ತು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಾಸ್ತರು ಅದನ್ನು ಅಲ್ಲಗಳೆಯಲಿಲ್ಲ.

"ಅಂತಾರ," ಅಂದರು.

ಬಹಳ ಹೊತ್ತು ಇಬ್ಬರೂ ಬೀಜ ಬಿಡಿಸಿದರು. ಹೊಳೆಯಲ್ಲಿ ಯಾರೋ ಎಮ್ಮೆ ಮೈ ತೊಳೆಯುವ ಸದ್ದು ಕೇಳುತ್ತಿತ್ತು.

"ನಾನೂ ಒಮ್ಮೆ ಬರದಿದ್ದೆ," ಅಂದರು ಮಾಸ್ತರು. ದನಿ ಬದಲಾಗಿರಲಿಲ್ಲ. "ಏಣಿ ಹಿಡಿಯೂ ಪಾಳಿ ನಂದಿತ್ತು. ಬೀಡಿ ಹಚ್ಚಾಕ ಕೈ ಬಿಟ್ಟೆ. ಮ್ಯಾಲಿದ್ದವ ಬಿದ್ದ. ಅವನ ಕಾಲು ಜಾರಿತು ಅಂತ ಬರದೆ. ಅವನೂ ಹೌದು ಅಂದ. ನಾಳೆ ಖರೇ ಹೇಳಿದ್ರಾತು, ಮುಂದಿನ ತಿಂಗಳ ಹೇಳಿದ್ರಾತು ಅಂತ ಹದಿನೆಂಟು ವರ್ಷ ಹ್ವಾದವು. ಒಂದಿನ ಅವನ ಮಣ್ಣಿಗೆ ಹೋಗಿ ಬಂದೆ. ಈಗ ಹೇಳ್ತೀನಂದ್ರ ಯಾರಿಗೆ ಹೇಳಲಿ?"

ಕಸ್ತೂರಿ ಅವರ ಮುಖ ನೋಡಲಾರದೆ ಮೊರದ ಕಡೆ ನೋಡಿದಳು. ಇಡೀ ದಳ ದೇವರೆಂದು ಕೈ ಮುಗಿಯುತ್ತಿದ್ದ ಮನುಷ್ಯ. ಅವರ ಬಾಯಲ್ಲಿ ಇಂಥ ಮಾತು ಕೇಳಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

"ಹೊಲಸು ಗಾಳಿ ಬಿಟ್ಟೈತಿ, ಬೀಜ ಹಾರತಾವು," ಅಂದರು ಮಾಸ್ತರು. "ಮೊರಾ ಒಳಗ ಇಟ್ಟು ಹೋಗು."

ಸೋಮವಾರ ಬೆಳಿಗ್ಗೆ ಏಳು ಗಂಟೆ. ಠಾಣೆಯ ಅಂಗಳದಲ್ಲಿ ಹನ್ನೊಂದು ಜನ ಸಾಲಾಗಿ ನಿಂತರು. ಕಸ್ತೂರಿ ದಿನಚರಿ ಪುಸ್ತಕ ಹಿಡಿದು ಬಂದಳು. ನಿನ್ನೆಯ ಪುಟ ತೆಗೆಯಲಿಲ್ಲ. ಒಂದೊಂದೇ ಹಾಳೆ ಹಿಂದಕ್ಕೆ ತಿರುವುತ್ತ ಹೋದಳು. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಈ ಪುಟದಾಗ ನಾ ಬರದದ್ದನ್ನ ಮೂರು ವಾರದ ಹಿಂದ ಇಲ್ಲೇ ನಿಂತು ಓದೀನಿ," ಅಂದಳು. "ಅದು ಸುಳ್ಳು. ಕೆಳಗ ಈಗ ಬರದದ್ದನ್ನ ಓದ್ತೀನಿ."

ಪುಸ್ತಕವನ್ನು ಎದೆಗೆ ಆನಿಸಿ ಹಿಡಿದಳು.

"'ನೀರು ಕೇಳಿದವರು ಫಕ್ಕೀರೇಶ ಅಲ್ಲ. ಠಾಣಾಧಿಕಾರಿಯಾದ ನಾನು. ಅವರು ಒಂದೇ ಕೈಯಲ್ಲಿ ಬ್ರಾಂಚ್ ತಿರುವುತ್ತಿದ್ದರು. ಕೈ ಎತ್ತಿರಲಿಲ್ಲ. ಎತ್ತಿರಲಿಲ್ಲ ಎಂಬುದು ನನಗೆ ಕಂಡಿತ್ತು. ಚಾಲಕ ರಾಜೇಸಾಬ ಇವರು ನಿಯಮದಂತೆ ನೀರು ತಡೆದಿದ್ದರು. ಎರಡನೆಯ ಸಲ ಕೂಗಿ ಬಿಡಿಸಿದವಳು ನಾನು. ಜನ ನಗುತ್ತಾರೆಂದು ಕೂಗಿದೆ. ಆಮೇಲೆ ಜನ ನಗುತ್ತಾರೆಂದೇ ಸುಳ್ಳು ಬರೆದೆ. ಗಾಯಾಳುವಿನಿಂದ ಸಹಿ ಹಾಕಿಸಿಕೊಂಡವಳೂ ನಾನೇ.'"

ಕೊನೆಯ ಸಾಲಿಗೆ ಬರುವಷ್ಟರಲ್ಲಿ ದನಿ ಒಡೆದು ಎರಡಾಗಿತ್ತು. ಆದರೆ ಸಣ್ಣದಾಗಿರಲಿಲ್ಲ. ರಸ್ತೆಯಾಚೆಯ ಚಹಾದಂಗಡಿಯವನೂ ಕೆಟಲು ಹಿಡಿದು ನಿಂತಿದ್ದ.

ಪುಸ್ತಕ ಮುಚ್ಚಿದಳು. "ಹಾಜರಿ ಮುಗೀತು."

ಸಾಲು ಒಡೆಯಿತು. ಗಾಡಿಯ ಹಿಂದಿನಿಂದ ಒಂದು ದನಿ ಕೇಳಿತು. "ನಾ ಮೊದಲ ಹೇಳಿದ್ದೆ. ಹೆಂಗಸರ ಕೈಯಾಗ ಗಾಡಿ ಕೊಟ್ರ ಹಿಂಗ ಆಗೂದು."

ಇಷ್ಟು ದಿನ ಅವಳು ಅಂಜಿದ್ದು ಇದೇ ಮಾತಿಗೆ. ಬಂದೇ ಬಂತು. ಅವಳು ನಿಂತಲ್ಲೇ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡಳು.

ಕಚೇರಿಯ ಬಾಗಿಲಿಗೆ ಹೋಗುವಷ್ಟರಲ್ಲಿ ರಾಜೇಸಾಬ ಎದುರು ಬಂದ. ಕೈಯಲ್ಲಿ ಎಣ್ಣೆಯ ಬಟ್ಟೆ.

"ಮೇಡಂ, ಪಂಪಿನಾಗ ಸಣ್ಣಗ ನೀರು ಸೋರಾಕತ್ತೈತ್ರಿ. ಒಮ್ಮೆ ಬಂದು ನೋಡ್ತೀರೇನು?"

ಮೂರು ವಾರದಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಅಂದೇ ಮಧ್ಯಾಹ್ನ ವಿಚಾರಣೆ ನಡೆಯಿತು. ಫಕ್ಕೀರೇಶನ ಮೇಲಿದ್ದದ್ದು ಹೋಯಿತು. ವಾಸಿಯಾದ ಮೇಲೆ ಅವನು ಮತ್ತೆ ಬ್ರಾಂಚ್ ಹಿಡಿಯಬಹುದೆಂದು ಬರೆದುಕೊಟ್ಟರು. ಕಸ್ತೂರಿಯ ಮೇಲೆ ಹೊಸ ಫೈಲು ತೆರೆಯಿತು.

ಮೂರನೆಯ ಸಲ ಅವಳು ಮಠಕ್ಕೆ ಬಂದಾಗ ಖಾಕಿ ಹಾಕಿರಲಿಲ್ಲ. ಬಸ್ಸಿಳಿದು ನಡೆದು ಬಂದಿದ್ದಳು. ಮಾಸ್ತರು ಸಸಿ ನೆಡುತ್ತಿದ್ದರು. ಅವಳು ಕೇಳದೆಯೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಗುಣಿ ತೋಡತೊಡಗಿದಳು.

"ಓದಿದ್ನಿರಿ."

"ಗಟ್ಟಿಯಾಗ?"

"ಗಟ್ಟಿಯಾಗ."

"ಏನಂದ್ರು?"

"ಅವತ್ತು ನಾ ನಿಮಗ ಹೇಳಿದ್ದನ್ನ ಅಂದ, ಒಬ್ಬ."

"ಉಳದವರು?"

"ಉಳದವರು ಚಾ ಕುಡಿಯೂ ಮುಂದ ಈಗ ಎದ್ದು ನಿಲ್ಲೂದಿಲ್ಲ."

ಮಾಸ್ತರು ಒಂದು ಸಸಿ ಕೊಟ್ಟರು. ಅವಳು ಅದನ್ನು ಗುಣಿಯಲ್ಲಿ ಇಟ್ಟು ಮಣ್ಣು ಒತ್ತಿದಳು.

"ಆದ್ರ ಮಾಸ್ತರ, ನಾಚಿಕಿ ಹೋಗವಲ್ದು," ಅಂದಳು. "ಎಲ್ಲಾ ಹೇಳಿದ ಮ್ಯಾಲ ಹಗುರ ಆಕ್ಕೈತಿ ಅಂತ ತಿಳದಿದ್ದೆ. ಆಗಲಿಲ್ಲ. ಹಣಿಗಿ ಹಿಡಕೊಂಡು ಕನ್ನಡಿ ಮುಂದ ನಿಂತ್ರ ನನ್ನ ಮಾರಿ ನನಗ ನೋಡಾಕ ಆಗವಲ್ದು. ಎಷ್ಟು ದಿನ ಇರತೈತ್ರಿ ಇದು?"

"ಫಕ್ಕೀರೇಶನ ಹತ್ರ ಹೋಗಿದ್ದೇನು?"

"ಹೋಗಿದ್ನಿರಿ. ವಿಚಾರಣೆ ಮುಗಿದ ಕೂಡ್ಲೆ ಮೊದಲ ಅಲ್ಲೇ ಹ್ವಾದೆ."

"ಎಷ್ಟೊತ್ತು ಇದ್ದಿ?"

"ಅರ್ಧ ತಾಸು."

"ಏನು ಮಾತಾಡಿದಿ?"

"ಎಲ್ಲಾ ಹೇಳಿದೆ. ನಾ ಮಾಡಿದ್ದು ಹೇಳಿದೆ. ಹಾಜರಿಯಾಗ ಹೆಂಗ ಓದಿದೆ ಹೇಳಿದೆ. ನಿದ್ದಿ ಬರೂದಿಲ್ಲ ಅಂದೆ. ಅನ್ನ ಗಂಟಲಾಗ ಇಳಿಯೂದಿಲ್ಲ ಅಂದೆ. ನನ್ನ ಸಂಕಟಾ ಎಲ್ಲಾ ಅವನ ಮುಂದ ಇಟ್ಟೆ."

"ಅವ ಏನು ಮಾಡಿದ?"

"ಏನು ಮಾಡ್ತಾನ್ರಿ. ಕೇಳಿಕೋತ ಮಲಗಿದ್ದ. ಕಡೀಕ ಕಣ್ಣು ಮುಚ್ಚಿದ."

ಮಾಸ್ತರು ಕೈಯ ಮಣ್ಣು ಕೊಡವಿದರು. ಅವಳ ಮುಖವನ್ನು ನೇರ ನೋಡಿದರು.

"ಅವನ ಬಾಯಿಗೆ ತಂತಿ ಬಿಗದಾರಲ್ಲ ಕಸ್ತೂರಿ. ಹಸಿವಾದ್ರ ಅವಗ ಯಾರು, ಏನು ಕುಡಸ್ತಾರ?"